ತೆಂಗಿನ ಚಿಪ್ಪಿನ ಕುದುರೆ ಏರಿ ಬಂದವರು

ಲಾಸ್ ಏಂಜಲೀಸಿನ ಲಾರ್ಗೊ ರಂಗಮಂದಿರ. ವೇದಿಕೆಯ ಮೇಲೆ ಮೈಕುಗಳ ಸಾಲು. ಒಂದರ ಮುಂದೆ ಸೂಟು ತೊಟ್ಟ ಗಂಡಸು, ಪಕ್ಕದ್ದರ ಮುಂದೆ ಪಾರ್ಟಿಗೆ ಹೊರಟಂತಿರುವ ಹೆಂಗಸು. ಕೈಯಲ್ಲಿ ಸ್ಕ್ರಿಪ್ಟಿನ ಹಾಳೆ ಬಿಟ್ಟರೆ ಬೇರೇನೂ ಇಲ್ಲ. ಕಥೆಯಲ್ಲಿ ಇವರು ಫ್ರಾಂಕ್ ಮತ್ತು ಸೇಡಿ ಡಾಯ್ಲ್ ಎಂಬ ಸಿರಿವಂತ ದಂಪತಿ. ದೆವ್ವ, ಪಿಶಾಚಿ, ರಕ್ತ ಹೀರುವ ವ್ಯಾಂಪೈರ್, ಯಾವುದೇ ಬಾಗಿಲು ತಟ್ಟಲಿ, ನಿಭಾಯಿಸುವ ವಿದ್ಯೆ ಇವರಿಗೆ ಗೊತ್ತು. ಅದರಿಂದ ಕುಡಿತಕ್ಕೆ ಅಡ್ಡಿಯಾಗುತ್ತದಲ್ಲ ಎಂಬುದೊಂದೇ ಇವರ ಸಂಕಟ. ಬಾಟಲಿ ತೆರೆದದ್ದಾಯಿತು, ಸುರಿದದ್ದಾಯಿತು, ಇನ್ನು ಗ್ಲಾಸಿಗೆ ಗ್ಲಾಸು ತಾಗಿಸಬೇಕು. ಗ್ಲಾಸೆಲ್ಲಿದೆ? ಇಬ್ಬರೂ ಬಾಯಲ್ಲೇ ‘ಕ್ಲಿಂಕ್’ ಅನ್ನುತ್ತಾರೆ. ಸಭೆ ಗೊಳ್ಳೆಂದು ನಗುತ್ತದೆ.

ನಗುವಂಥದ್ದು ಅದರಲ್ಲೇನಿದೆ ಅನ್ನಿಸಬಹುದು. ರೇಡಿಯೊ ನಾಟಕದ ಕಾಲದಲ್ಲಿ ಗ್ಲಾಸು ತಾಗಿಸುವುದಕ್ಕೆಂದೇ ಸ್ಟುಡಿಯೊದಲ್ಲಿ ಒಬ್ಬ ಸಂಬಳದ ಮನುಷ್ಯ ಇರುತ್ತಿದ್ದ. ಕೇಳುಗನಿಗೆ ಅವನು ಕಾಣಬಾರದು, ಅವನ ಸದ್ದು ಮಾತ್ರ ನಿಜವೆನ್ನಿಸಬೇಕು. ಇಡೀ ಕಸುಬು ನಿಂತಿದ್ದು ಈ ಒಪ್ಪಂದದ ಮೇಲೆ. ಡಾಯ್ಲ್ ದಂಪತಿ ಆ ಪರದೆಯನ್ನು ಎತ್ತಿ ತೋರಿಸಿಬಿಡುತ್ತಾರೆ. ಹಾಗಂತ ಕಥೆಯೇನೂ ಕುಸಿದು ಬೀಳುವುದಿಲ್ಲ. ಮುಂದಿನ ಸಾಲಿಗೆ ದೆವ್ವ ಬಂದರೆ ಸಭೆ ಅದನ್ನೂ ನಂಬುತ್ತದೆ. ಫ್ರಾಂಕನಾಗಿ ಪಾಲ್ ಎಫ್. ಟಾಂಪ್ಕಿನ್ಸ್, ಸೇಡಿಯಾಗಿ ಪ್ಯಾಜೆಟ್ ಬ್ರೂಸ್ಟರ್ ಇದನ್ನು ವರ್ಷಗಟ್ಟಲೆ ಮಾಡಿದರು, ‘ಕ್ಲಿಂಕ್’ ಹಳಸಲಿಲ್ಲ.

ಈ ಕಾರ್ಯಕ್ರಮದ ಹೆಸರು ‘ಥ್ರಿಲ್ಲಿಂಗ್ ಅಡ್ವೆಂಚರ್ ಅವರ್’. ಬೆನ್ ಆಕರ್ ಮತ್ತು ಬೆನ್ ಬ್ಲಾಕರ್ ಎಂಬ ಇಬ್ಬರು ಬರಹಗಾರರು 2005ರಲ್ಲಿ ಲಾಸ್ ಏಂಜಲೀಸಿನ ಎಂ ಬಾರ್ ಎಂಬ ಚಿಕ್ಕ ಜಾಗದಲ್ಲಿ ಇದನ್ನು ಶುರು ಮಾಡಿದರು. 2010ರಲ್ಲಿ ಲಾರ್ಗೊಗೆ ಬಂದರು, ಮರುವರ್ಷದಿಂದ ಪಾಡ್‌ಕಾಸ್ಟ್ ಆಯಿತು, 2015ರವರೆಗೆ ತಿಂಗಳಿಗೊಮ್ಮೆ ನಡೆಯಿತು. 1930–40ರ ದಶಕದ ಅಮೆರಿಕದ ರೇಡಿಯೊ ಸಾಹಸ ಧಾರಾವಾಹಿಗಳ ಅಣಕ ಎಂದು ಇದನ್ನು ಕರೆಯುವುದು ರೂಢಿ. ಸಭೆಯಲ್ಲಿ ಕೂತವರಲ್ಲಿ ಹೆಚ್ಚಿನವರು ಹುಟ್ಟುವ ಮೊದಲೇ ಆ ಧಾರಾವಾಹಿಗಳು ನಿಂತುಹೋಗಿದ್ದವು. ಕೇಳಿರದ ಸಂಗತಿಯ ಅಣಕಕ್ಕೆ ಜನ ನಗುವುದು ಹೇಗೆ?

ಇದಕ್ಕೆ ಉತ್ತರ ಸಿಗಬೇಕಾದರೆ ಮೂಲದ ಕಡೆ ಹೋಗಬೇಕು.

ಡೆಟ್ರಾಯಿಟಿನ ಕುದುರೆ

1933ರ ಜನವರಿ ಕೊನೆಯಲ್ಲಿ ಡೆಟ್ರಾಯಿಟಿನ ಡಬ್ಲ್ಯೂಎಕ್ಸ್‌ವೈಜೆಡ್ ಎಂಬ ಬಾನುಲಿ ಕೇಂದ್ರದಿಂದ ಮುಖವಾಡದ ಸವಾರನೊಬ್ಬ ಹೊರಟ. ಹೆಸರು ಲೋನ್ ರೇಂಜರ್. ಕೇಂದ್ರದ ಒಡೆಯ ಜಾರ್ಜ್ ಟ್ರೆಂಡಲ್, ಬರೆಯುವವರು ಫ್ರಾನ್ ಸ್ಟ್ರೈಕರ್. ಶುರುವಿಗೆ ರೊಸ್ಸೀನಿಯ ‘ವಿಲಿಯಂ ಟೆಲ್’ ಸಂಗೀತ, ಅದರ ಬೆನ್ನಿಗೇ ಬಿಳಿ ಕುದುರೆ ಸಿಲ್ವರ್‌ನ ಖುರಪುಟ. 1954ರವರೆಗೂ ಈ ಕಥೆಗಳು ಗಾಳಿಯಲ್ಲಿ ಓಡಿದವು. ಅದೇ ಕೇಂದ್ರ 1936ರಲ್ಲಿ ‘ಗ್ರೀನ್ ಹಾರ್ನೆಟ್’ ತಂದಿತು. 1937ರಲ್ಲಿ ನ್ಯೂಯಾರ್ಕಿನಲ್ಲಿ 22ರ ಹರೆಯದ ನಟ ಆರ್ಸನ್ ವೆಲ್ಸ್ ರೇಡಿಯೊದ ‘ದಿ ಶ್ಯಾಡೊ’ ಆದರು. ಜನರ ಮನಸ್ಸನ್ನು ಮಸುಕುಗೊಳಿಸಿ ಅವರ ಕಣ್ಣಿಗೆ ಬೀಳದೆ ಓಡಾಡುವ ನಾಯಕ ಆತ. ಕಣ್ಣಿಗೆ ಕಾಣದ ನಾಯಕ ರೇಡಿಯೊಗೆ ಸಿಕ್ಕಿದ್ದು ಎಷ್ಟು ಅಗ್ಗದ ಲಾಭ ಎಂದು ಆಮೇಲೆ ಬಂದ ಹಾಸ್ಯಗಾರರೆಲ್ಲ ಗಮನಿಸಿದ್ದಾರೆ.

ಸಿಲ್ವರ್ ಕುದುರೆಯ ಗೊರಸಿನ ಸದ್ದಿನ ಗುಟ್ಟನ್ನು ಹೇಳಿಬಿಡುತ್ತೇನೆ. ರೇಡಿಯೊ ಕುದುರೆ ಎಂದರೆ ಎರಡು ಹೋಳು ತೆಂಗಿನ ಚಿಪ್ಪು ಎಂಬುದು ಲೋಕಪ್ರಸಿದ್ಧ. ಆದರೆ ಕೊಳವೆ ಕಟ್ಟಿಕೊಂಡಾಗ ಒತ್ತಿ ಎಳೆಯುವ ರಬ್ಬರ್ ಬಟ್ಟಲುಗಳಿಗೂ ಈ ಕೆಲಸ ಇತ್ತು. ಜಲ್ಲಿ ತುಂಬಿದ ಪೆಟ್ಟಿಗೆಯಲ್ಲಿ ಅವನ್ನು ಲಯ ಹಿಡಿದು ಕುಕ್ಕಿದರೆ ನಾಯಕ ಕಣಿವೆ ದಾಟುತ್ತಿದ್ದ. ಬೆಂಕಿ ಹತ್ತಿಕೊಳ್ಳಬೇಕೆ, ಮೈಕಿನ ಹತ್ತಿರ ಸೆಲೊಫೇನ್ ಹಾಳೆ ಹಿಸುಕಿದರೆ ಸಾಕು. ಹಿಮದ ಮೇಲೆ ನಡೆಯಬೇಕೆ, ತೊಗಲಿನ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಒತ್ತಬೇಕು. ಗಂಡಾಂತರದ ಕಣಿವೆಗಳೆಲ್ಲ ಹೀಗೆ ಅಡುಗೆಮನೆ, ಬಚ್ಚಲುಮನೆಯ ಸಾಮಾನಿನಲ್ಲೇ ಹುಟ್ಟಿದವು. ಅದನ್ನು ಮಾಡುವವರ ಮುಖದಲ್ಲಿ ನಗುವಿಗೆ ಎಡೆಯಿರಲಿಲ್ಲ. ನೇರ ಪ್ರಸಾರ, ಒಂದು ಹೆಜ್ಜೆ ತಪ್ಪಿದರೆ ದೇಶವೆಲ್ಲ ಕೇಳುತ್ತಿತ್ತು.

ಇಷ್ಟಕ್ಕೂ ಈ ನಾಯಕರು ಹುಟ್ಟಿದ್ದು ದುಷ್ಟರನ್ನು ಶಿಕ್ಷಿಸುವುದಕ್ಕಲ್ಲ, ಸಾಮಾನು ಮಾರುವುದಕ್ಕೆ. ‘ಜ್ಯಾಕ್ ಆರ್ಮ್‌ಸ್ಟ್ರಾಂಗ್’ ಎಂಬ ಆದರ್ಶ ಹುಡುಗ 1933ರಿಂದ ದೇಶ ಸುತ್ತಿದ್ದು ವೀಟೀಸ್ ಎಂಬ ಗೋಧಿ ತಿಂಡಿಯ ಖರ್ಚಿನಲ್ಲಿ. ಅನಾಥ ಹುಡುಗಿ ಆ್ಯನಿಯ ಸಾಹಸಗಳ ಹಿಂದೆ ಓವಲ್ಟೀನ್ ಇತ್ತು. ಡಬ್ಬದ ಮುಚ್ಚಳದ ಸೀಲು ಕಿತ್ತು ಕಳಿಸಿದ ಮಕ್ಕಳಿಗೆ ಗುಪ್ತಲಿಪಿ ಬಿಡಿಸುವ ಬಿಲ್ಲೆ ಅಂಚೆಯಲ್ಲಿ ಬರುತ್ತಿತ್ತು. ನಮ್ಮಲ್ಲಿಯೂ ವಿವಿಧ ಭಾರತಿ ಹಚ್ಚಿಟ್ಟ ಮನೆಗಳಲ್ಲಿ ‘ಇನ್‌ಸ್ಪೆಕ್ಟರ್ ಈಗಲ್’ ಕೇಳಿದವರಿದ್ದಾರೆ. ಈಗಲ್ ಫ್ಲಾಸ್ಕ್ ಕಂಪನಿಯ ಪ್ರಾಯೋಜನೆ, ಪತ್ತೇದಾರನಿಗೂ ಅದೇ ಹೆಸರು. ಅವರಿಗೆ ಈ ವ್ಯವಸ್ಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿಸ್ಟರ್ ಕೀನ್ ಮತ್ತು ಅವನ ನೆರಳು

ಅಣಕ ಶುರುವಾದದ್ದು ಇವೆಲ್ಲ ಜೋರಾಗಿ ನಡೆಯುತ್ತಿದ್ದಾಗಲೇ. 1946ರಲ್ಲಿ ಬಾಸ್ಟನ್ನಿನ ಡಬ್ಲ್ಯೂಎಚ್‌ಡಿಎಚ್ ಕೇಂದ್ರದಲ್ಲಿ ಬಾಬ್ ಎಲಿಯಟ್ ಮತ್ತು ರೇ ಗೋಲ್ಡಿಂಗ್ ಜೋಡಿಯಾದರು. ಒಬ್ಬರು ಹಾಡು ಹಾಕುವವರು, ಒಬ್ಬರು ಸುದ್ದಿ ಓದುವವರು. ನಡುವೆ ಸಿಕ್ಕ ಸಮಯದಲ್ಲಿ ಹರಟೆ. ಆ ಹರಟೆಯೇ ದೊಡ್ಡದಾಗಿ 1951ರಲ್ಲಿ ಎನ್‌ಬಿಸಿಗೆ ಹೋಯಿತು. ಜ್ಯಾಕ್ ಆರ್ಮ್‌ಸ್ಟ್ರಾಂಗನನ್ನು ಅವರು ‘ಜ್ಯಾಕ್ ಹೆಡ್‌ಸ್ಟ್ರಾಂಗ್’ ಮಾಡಿದರು, ಅಂದರೆ ತೋಳ್ಬಲದ ಹುಡುಗನನ್ನು ಹಟಮಾರಿ ಮಾಡಿದರು. ‘ಮಿಸ್ಟರ್ ಕೀನ್, ಟ್ರೇಸರ್ ಆಫ್ ಲಾಸ್ಟ್ ಪರ್ಸನ್ಸ್’ ಎಂಬ ಪತ್ತೇದಾರಿ ಕಾರ್ಯಕ್ರಮ ‘ಮಿಸ್ಟರ್ ಟ್ರೇಸ್, ಕೀನರ್ ದ್ಯಾನ್ ಮೋಸ್ಟ್ ಪರ್ಸನ್ಸ್’ ಆಯಿತು. ಕಾಣೆಯಾದವರನ್ನು ಹುಡುಕುವ ಕೀನ್ ಮಹಾಶಯರ ಜಾಗಕ್ಕೆ ‘ಬಹುಪಾಲು ಜನರಿಗಿಂತ ಚುರುಕಾದ’ ಟ್ರೇಸ್ ಮಹಾಶಯರು ಬಂದರು. ಎಲ್ಲರಿಗಿಂತ ಅಲ್ಲ, ಬಹುಪಾಲು ಜನರಿಗಿಂತ. ಶೀರ್ಷಿಕೆಯಲ್ಲೇ ಅರ್ಧ ಕೆಲಸ ಮುಗಿದಿದೆ.

ಉಳಿದರ್ಧ ಅರ್ಥವಾಗಬೇಕಾದರೆ ಮೂಲ ಕೀನ್ ಹೇಗೆ ಮಾತಾಡುತ್ತಿದ್ದರು ಎಂದು ತಿಳಿದಿರಬೇಕು. 1937ರಿಂದ 1955ರವರೆಗೆ ನಡೆದ ಈ ಕಾರ್ಯಕ್ರಮ ಫ್ರಾಂಕ್ ಮತ್ತು ಆ್ಯನ್ ಹಮರ್ಟ್ ದಂಪತಿಯ ಕಾರ್ಖಾನೆಯದು. ಕಾರ್ಖಾನೆ ಎಂದದ್ದು ಅತಿಶಯವಲ್ಲ. ಇವರು ಕಥೆಯ ಎಳೆ ಕೊಡುತ್ತಿದ್ದರು, ಸಂಭಾಷಣೆ ತುಂಬಲು ಬೇರೆ ಬರಹಗಾರರಿದ್ದರು. ಹತ್ತಾರು ಧಾರಾವಾಹಿ ಒಟ್ಟೊಟ್ಟಿಗೆ ಹೊರಬೀಳುತ್ತಿದ್ದವು. ಕೇಳುಗರು ಪಾತ್ರೆ ತೊಳೆಯುತ್ತಲೋ ಇಸ್ತ್ರಿ ಮಾಡುತ್ತಲೋ ಕೇಳುವವರು, ಒಂದು ಪದವೂ ತಪ್ಪಬಾರದು. ಆದ್ದರಿಂದ ಎಲ್ಲರೂ ಎಲ್ಲರನ್ನೂ ಪೂರ್ತಿ ಹೆಸರಿನಿಂದ ಕರೆಯಬೇಕು, ಕಾಣುವ ವಸ್ತುವನ್ನೆಲ್ಲ ಬಾಯಿಬಿಟ್ಟು ಹೇಳಬೇಕು, ಹೇಳಿದ್ದನ್ನು ಎದುರಿನವನು ಮತ್ತೆ ಕೇಳಬೇಕು. ಆ ಧಾಟಿಯಲ್ಲಿ ಕನ್ನಡದ ಒಂದು ಮಾದರಿ ಕಟ್ಟಬಹುದು:

“ರಾಮರಾಯರೇ, ನಿಮ್ಮ ಸೋದರಮಾವ ಶೇಷಗಿರಿರಾಯರು ಸತ್ತು ಬಿದ್ದಿರುವ ಈ ನಡುಮನೆಗೆ ನಾವು ಬಂದಿದ್ದೇವೆ.”

“ಹೌದು ಪತ್ತೇದಾರರೇ, ನನ್ನ ಸೋದರಮಾವ ಶೇಷಗಿರಿರಾಯರು ಸತ್ತು ಬಿದ್ದಿರುವ ನಡುಮನೆ ಇದೇ. ಆದರೆ ಅವರ ಬಲಗೈಯಲ್ಲಿರುವ ಹಿತ್ತಾಳೆ ಬೀಗದ ಕೈ ಯಾವುದು?”

“ರಾಮರಾಯರೇ, ಅವರ ಬಲಗೈಯಲ್ಲಿರುವ ಹಿತ್ತಾಳೆ ಬೀಗದ ಕೈಯೇ ಈ ಕೊಲೆಯ ಬೀಗದ ಕೈ!”

ಬಾಬ್ ಮತ್ತು ರೇ ಇದಕ್ಕೆ ದೊಡ್ಡದಾಗಿ ಏನನ್ನೂ ಸೇರಿಸಲಿಲ್ಲ. ದನಿಯನ್ನು ಇನ್ನೊಂದಿಷ್ಟು ಗಂಭೀರ ಮಾಡಿದರು, ಪುನರುಕ್ತಿಯನ್ನು ಒಂದು ಸುತ್ತು ಹೆಚ್ಚು ತಿರುಗಿಸಿದರು, ಅಷ್ಟೆ. ಎಲ್ಲೂ ಕಣ್ಣು ಮಿಟುಕಿಸಲಿಲ್ಲ. ಸಭಿಕರ ನಗೆಯಿಲ್ಲ, ಇಲ್ಲಿ ನಗಿ ಎಂಬ ಸೂಚನೆಯಿಲ್ಲ. ಅಡ್ಡಾದಿಡ್ಡಿ ಕೇಂದ್ರ ತಿರುಗಿಸುತ್ತ ಬಂದ ಕೇಳುಗ ಇದನ್ನೇ ನಿಜವಾದ ಪತ್ತೇದಾರಿ ಎಂದುಕೊಂಡರೆ ಅವನ ತಪ್ಪಲ್ಲ. ನನ್ನ ಮಟ್ಟಿಗೆ ಈ ಇಡೀ ಪರಂಪರೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಕಾರಣ ಸರಳ: ಮೂಲದವರು ಕಲಿತ ಕಸುಬನ್ನೆಲ್ಲ ಇವರೂ ಕಲಿತಿದ್ದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಆರ್ಗನ್ ವಾದ್ಯ ಒತ್ತಬೇಕು, ಯಾವ ಮಾತಿನ ಮೇಲೆ ಕಂತು ನಿಲ್ಲಬೇಕು, ಎಲ್ಲ ಗೊತ್ತಿತ್ತು.

ಹಾಸ್ಯಗಾರ ಸ್ಟಾನ್ ಫ್ರೀಬರ್ಗ್ ಇದೇ ಕೆಲಸವನ್ನು ಗ್ರಾಮೊಫೋನ್ ತಟ್ಟೆಗೆ ತಂದರು. 1953ರ ‘ಸೇಂಟ್ ಜಾರ್ಜ್ ಅಂಡ್ ದ ಡ್ರ್ಯಾಗೊನೆಟ್’ ಅಮೆರಿಕದ ಜನಪ್ರಿಯ ತಟ್ಟೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜನ ಹಳೆಯ ಕಥೆಯನ್ನು ‘ಡ್ರ್ಯಾಗ್‌ನೆಟ್’ ಎಂಬ ಪೊಲೀಸ್ ಧಾರಾವಾಹಿಯ ಒಣ ವರದಿಯ ಧಾಟಿಯಲ್ಲಿ ಹೇಳುವ ತಮಾಷೆ ಅದು. ಇದರ ಬಾಲವೊಂದು ನನಗೆ ಬಹಳ ಇಷ್ಟ. ಡ್ರ್ಯಾಗ್‌ನೆಟ್‌ನ ಸಾರ್ಜೆಂಟ್ ಫ್ರೈಡೆ ಎಂದರೆ ಅಮೆರಿಕನ್ನರಿಗೆ ತಟ್ಟನೆ ನೆನಪಾಗುವ ಮಾತೊಂದಿದೆ: ಬೇರೆ ಪುರಾಣ ಬೇಡಮ್ಮ, ನಡೆದದ್ದಷ್ಟೇ ಹೇಳಿ ಎಂಬರ್ಥದ್ದು. ಇವತ್ತು ಜನರ ಬಾಯಲ್ಲಿರುವ ರೂಪದಲ್ಲಿ ಅದನ್ನು ಫ್ರೈಡೆ ಪಾತ್ರದ ಜ್ಯಾಕ್ ವೆಬ್ ಹೇಳಿದ್ದಿಲ್ಲ. ಅದು ಊರಿಗೆಲ್ಲ ಹಬ್ಬಿದ್ದು ಫ್ರೀಬರ್ಗ್‌ರ ಅಣಕದಿಂದ. ಕಳ್ಳನೋಟು ಹೋಗಿ ಬ್ಯಾಂಕಿನ ತಿಜೋರಿಯಲ್ಲಿ ಕೂತಂತಾಯಿತು. ಅಣಕವೇ ಮೂಲದ ನೆನಪಾಗಿ ಉಳಿಯುವ ಕೆಲಸ ಅಲ್ಲಿಗೆ ಶುರುವಾಗಿತ್ತು.

ಕಾಲುಚೀಲದಲ್ಲಿ ಕಸ್ಟರ್ಡ್

ಇಂಗ್ಲೆಂಡಿನಲ್ಲಿ ಇದೇ ಹೊತ್ತಿಗೆ ಡಿಕ್ ಬಾರ್ಟನ್ ಇದ್ದ. ಬಿಬಿಸಿಯ ‘ಡಿಕ್ ಬಾರ್ಟನ್, ಸ್ಪೆಷಲ್ ಏಜೆಂಟ್’ 1946ರ ಅಕ್ಟೋಬರಿನಿಂದ 1951ರ ಮಾರ್ಚ್‌ವರೆಗೆ ವಾರದ ಐದು ದಿನ ಸಂಜೆ ಕಾಲು ಗಂಟೆ. ಉತ್ತುಂಗದಲ್ಲಿ ಕೇಳುಗರು ಒಂದೂವರೆ ಕೋಟಿ. ಮಕ್ಕಳು ಕೆಡಬಾರದೆಂದು ಬಿಬಿಸಿ ಈತನಿಗೆ ಲಿಖಿತ ನಡತೆ ಸಂಹಿತೆಯನ್ನೇ ವಿಧಿಸಿತ್ತು. ಬೈಗುಳವಿಲ್ಲ, ಹೆಣ್ಣುಗಳ ಸಹವಾಸವಿಲ್ಲ. ಹೀಗೆ ಎಲ್ಲ ಕಡೆಯಿಂದ ಬಿಗಿದ ನಾಯಕ ನಿವೃತ್ತನಾಗಿ ಎರಡು ತಿಂಗಳೂ ಕಳೆದಿರಲಿಲ್ಲ, ಅದೇ ಬಿಬಿಸಿಯಲ್ಲಿ ಗೂನ್‌ಗಳು ಬಂದರು.

‘ದ ಗೂನ್ ಶೋ’ ಎಂಬ ಹಾಸ್ಯ ಕಾರ್ಯಕ್ರಮದ ಪ್ರಧಾನ ಬರಹಗಾರ ಸ್ಪೈಕ್ ಮಿಲಿಗನ್ ಹುಟ್ಟಿದ್ದು 1918ರಲ್ಲಿ ನಮ್ಮ ಅಹಮದ್‌ನಗರದಲ್ಲಿ, ಬಾಲ್ಯ ಕಳೆದದ್ದು ಪುಣೆಯಲ್ಲಿ, ರಂಗೂನಿನಲ್ಲಿ. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದರು. ಸಾಮ್ರಾಜ್ಯದ ಸಾಹಸಕಥೆ ಎಷ್ಟು ಪೊಳ್ಳೆಂದು ಒಳಗಿನಿಂದ ಕಂಡ ಹುಡುಗ. ಅವರ ಮೇಜರ್ ಬ್ಲಡ್‌ನಾಕ್ ಎಂಬ ಪಾತ್ರ ಹೇಡಿ, ಲಂಚಕೋರ, ಮಸಾಲೆಯ ಖಾರಕ್ಕೆ ಸದಾ ಹೊಟ್ಟೆ ಕೆಟ್ಟವನು. ವೀರ ಸೇನಾಧಿಕಾರಿಯ ರೇಡಿಯೊ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಲಾಲ್‌ಕಾಕಾ, ಬ್ಯಾನರ್ಜಿ ಎಂಬ ಇಬ್ಬರು ಭಾರತೀಯರು ಗೂನ್ ಶೋನಲ್ಲಿ ಆಗಾಗ ಬರುತ್ತಾರೆ, ಮಿಲಿಗನ್ ಮತ್ತು ಪೀಟರ್ ಸೆಲರ್ಸ್ ಎಳೆದಾಡುವ ಉಚ್ಚಾರಣೆಯಲ್ಲಿ. ಇವತ್ತು ಕೇಳಿದರೆ ಆ ಕಡೆ ನಗು, ಈ ಕಡೆ ಮುಜುಗರ. ಭಾರತವನ್ನು ಪ್ರೀತಿಸಿದ ಮನುಷ್ಯನೇ ಬರೆದದ್ದು ಎಂಬುದರಿಂದ ಮುಜುಗರವೇನೂ ಕಡಿಮೆಯಾಗುವುದಿಲ್ಲ.

ಸದ್ದಿನ ವಿಷಯದಲ್ಲಿ ಮಾತ್ರ ಮಿಲಿಗನ್ ಕ್ರಾಂತಿಕಾರಿ. ಅದುವರೆಗೆ ಬಾಗಿಲು ಎಂದರೆ ಬಾಗಿಲಿನ ಸದ್ದು. ಇವರಿಗೆ ಯಾರೂ ಕೇಳಿರದ ಸದ್ದುಗಳು ಬೇಕಾಗಿದ್ದವು. ಬಿಬಿಸಿಯ ಕ್ಯಾಂಟೀನಿನ ಹೆಂಗಸಿಗೆ ಕಸ್ಟರ್ಡ್ ಮಾಡಿಕೊಡಿ ಎಂದರಂತೆ. ಆಕೆ ಪಾಪ, ಹೊಟ್ಟೆಗೆಂದು ತಿಳಿದು ಚೆನ್ನಾಗಿ ಮಾಡಿಕೊಟ್ಟಳು. ಮಿಲಿಗನ್ ಅವಳೆದುರಿಗೇ ಕಾಲುಚೀಲ ಬಿಚ್ಚಿ ಕಸ್ಟರ್ಡನ್ನು ಅದರೊಳಗೆ ಸುರಿದುಕೊಂಡು ಸ್ಟುಡಿಯೊಗೆ ಓಡಿ ಹಲಗೆಗೆ ಬೀಸಿ ಹೊಡೆದರು ಎಂಬುದು ಪ್ರಸಿದ್ಧ ಕಥೆ. ಹೇಳುವವರು ಒಂದಿಷ್ಟು ಬಣ್ಣ ಕಟ್ಟಿರಬಹುದು, ಕಟ್ಟಲಿ. ಈ ಗೂನ್‌ಗಳನ್ನು ಕೇಳುತ್ತ ಬೆಳೆದ ಹುಡುಗರೇ ಮುಂದೆ ಮಾಂಟಿ ಪೈಥಾನ್ ಎಂಬ ಹಾಸ್ಯತಂಡವಾದರು. ಅವರ 1975ರ ‘ಹೋಲಿ ಗ್ರೇಲ್’ ಚಿತ್ರದಲ್ಲಿ ಕುದುರೆಗೆ ದುಡ್ಡಿರಲಿಲ್ಲ. ಆರ್ಥರ್ ಮಹಾರಾಜ ಕುದುರೆ ಏರಿದವನಂತೆ ನೆಗೆಯುತ್ತ ಬರುತ್ತಾನೆ, ಹಿಂದಿನಿಂದ ಸೇವಕ ಚಿಪ್ಪು ಬಡಿಯುತ್ತ ಬರುತ್ತಾನೆ. ಕೋಟೆಯ ಕಾವಲುಗಾರ ರಾಜನನ್ನು ತಡೆದು, ಇಂಗ್ಲೆಂಡಿನಲ್ಲಿ ತೆಂಗಿನಕಾಯಿ ಹೇಗೆ ಬಂತು ಎಂದು ಜಗಳ ತೆಗೆಯುತ್ತಾನೆ. ರೇಡಿಯೊದ ಗುಟ್ಟು ಮೊದಲೇ ತಿಳಿದಿದ್ದ ಪ್ರೇಕ್ಷಕರಿಗೆ ಅದು ಹಬ್ಬದೂಟ.

ಗಾಜಿನ ಮೇಲೆ ಹಿಂದುಮುಂದಾದ ಹೆಸರು

1962ರ ಸೆಪ್ಟೆಂಬರ್ 30ರಂದು ಸಿಬಿಎಸ್ ತನ್ನ ಕೊನೆಯ ಎರಡು ಹಳೆಯ ನಾಟಕ ಸರಣಿಗಳಾದ ‘ಸಸ್ಪೆನ್ಸ್’ ಮತ್ತು ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಅನ್ನು ನಿಲ್ಲಿಸಿತು. ಅಮೆರಿಕದ ಹಳೆಯ ರೇಡಿಯೊ ಯುಗ ಮುಗಿದದ್ದು ಅವತ್ತು ಎಂದು ಲೆಕ್ಕ ಹಾಕುವುದು ರೂಢಿ. ಟಿವಿ ಎಲ್ಲವನ್ನೂ ನುಂಗಿತ್ತು. ಅಣಕ ಮಾಡೋಣವೆಂದರೆ ಎದುರಿಗೆ ಆಸಾಮಿಯೇ ಇಲ್ಲ.

ಹಾಗಾಗಿ ಮುಂದೆ ಬಂದ ಅಣಕಗಳ ಬಣ್ಣ ಬೇರೆ. 1966ರಲ್ಲಿ ಶಿಕಾಗೊದ ಡಬ್ಲ್ಯೂಸಿಎಫ್‌ಎಲ್‌ನಲ್ಲಿ ಡಿಕ್ ಆರ್ಕಿನ್ ‘ಚಿಕನ್‌ಮ್ಯಾನ್’ ಮಾಡಿದರು. ಬೂಟಿನಂಗಡಿಯ ಸೇಲ್ಸ್‌ಮನ್ ವಾರಾಂತ್ಯದಲ್ಲಿ ಕೋಳಿವೇಷದ ಮಹಾವೀರನಾಗುತ್ತಾನೆ, ತಲಾ ಎರಡು ಮೂರು ನಿಮಿಷದ ಕಂತು. ಆರ್ಕಿನ್ ಮುಂದೆ ರೇಡಿಯೊ ಜಾಹೀರಾತುಗಳ ದೊಡ್ಡ ಹೆಸರಾದರು.

1969ರಲ್ಲಿ ಬಂದದ್ದು ಫೈರ್‌ಸೈನ್ ಥಿಯೇಟರ್ ಎಂಬ ಹಾಸ್ಯತಂಡದ ‘ನಿಕ್ ಡೇಂಜರ್’. ಫಿಲ್ ಆಸ್ಟಿನ್, ಪೀಟರ್ ಬರ್ಗ್‌ಮನ್, ಡೇವಿಡ್ ಆಸ್ಮನ್, ಫಿಲಿಪ್ ಪ್ರಾಕ್ಟರ್ ಎಂಬ ನಾಲ್ವರು ಎಲ್‌ಪಿ ತಟ್ಟೆಯೊಂದರ ಇಡೀ ಎರಡನೇ ಬದಿಯನ್ನು ಒಬ್ಬ ಖಾಸಗಿ ಪತ್ತೇದಾರನಿಗೆ ಬಿಟ್ಟುಕೊಟ್ಟರು. ಪತ್ತೇದಾರ ತನ್ನ ಆಫೀಸಿನೊಳಗೆ ಕೂತಿದ್ದಾನೆ, ಬಾಗಿಲ ಗಾಜಿನ ಮೇಲಿನ ಹೆಸರು ಒಳಗಿನಿಂದ ಹಿಂದುಮುಂದಾಗಿ ಕಾಣುತ್ತದೆ, ಆತ ಅದನ್ನು ಕಂಡಂತೆಯೇ ‘ರೆಗ್ನಾಡ್ ಕಿನ್’ ಎಂದು ಓದಿಕೊಳ್ಳುತ್ತಾನೆ. ಕಣ್ಣಿಗೆ ಕಟ್ಟಬೇಕಾದ ನಗೆಯನ್ನು ಕಿವಿಗೆ ಕಟ್ಟಿದ್ದು ನೋಡಿ. ಇನ್ನೊಂದು ಕಡೆ ಪಾತ್ರವೊಂದಕ್ಕೆ, ಈ ಮಾತನ್ನು ನಾನು ತಟ್ಟೆಯ ಆ ಬದಿಯಲ್ಲಿ ಹೇಳಿಯಾಯಿತಲ್ಲವೆ ಎಂದು ಅನುಮಾನ ಬಂದು, ಆ ಬದಿಯಲ್ಲಿ ಏನಾಗುತ್ತಿದೆ ಎಂದು ಇಣುಕಿ ಬರುತ್ತದೆ. ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟ್ ಕಾರ್ಯಕ್ರಮದ ನಡುವೆ ಬಂದು ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಹೇಳಿ, ಅಮೆರಿಕ ಶರಣಾಗಿದೆ ಎಂದು ಘೋಷಿಸುತ್ತಾರೆ. ವಿಯೆಟ್ನಾಮ್ ಯುದ್ಧ ಉರಿಯುತ್ತಿದ್ದ ವರ್ಷ ಅದು. ಅಪ್ಪಂದಿರ ಕಾಲದ ಗೆದ್ದ ಯುದ್ಧ, ಗೆದ್ದ ನಾಯಕರು, ಗೆದ್ದ ರೇಡಿಯೊ, ಎಲ್ಲದರ ಮೇಲೂ ಮಕ್ಕಳು ತೀರಿಸಿಕೊಂಡ ಸಿಟ್ಟು ಇಲ್ಲಿದೆ. ಅದೇ ಹೊತ್ತಿಗೆ ಒಂದೊಂದು ಆರ್ಗನ್ ಸ್ವರವೂ ಅಪ್ಪಂದಿರ ಕಾಲದ್ದೇ, ಅಷ್ಟು ಅಚ್ಚುಕಟ್ಟು. ಬೈಯುವುದಕ್ಕೂ ಮುಂಚೆ ಇವರು ಕಂಠಪಾಠ ಮಾಡಿದ್ದರು.

ಗ್ಯಾರಿಸನ್ ಕೀಲರ್‌ಗೆ ಸಿಟ್ಟೇ ಇರಲಿಲ್ಲ. 1974ರ ಜುಲೈನಲ್ಲಿ ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಶುರುವಾದ ಅವರ ‘ಎ ಪ್ರೇರಿ ಹೋಮ್ ಕಂಪ್ಯಾನಿಯನ್’ನಲ್ಲಿ ಮುಂದೆ ‘ಗೈ ನುವಾರ್’ ಎಂಬ ಸೋತ ಪತ್ತೇದಾರ ಬಂದ, ಡಸ್ಟಿ ಮತ್ತು ಲೆಫ್ಟಿ ಎಂಬ ಇಬ್ಬರು ಗೊಣಗುವ ಕೌಬಾಯ್‌ಗಳು ಬಂದರು. ಸರಕಾರಿ ನೆರವು, ಕೇಳುಗರ ವಂತಿಗೆಯಲ್ಲಿ ನಡೆಯುತ್ತಿದ್ದ ಸಾರ್ವಜನಿಕ ರೇಡಿಯೊದಲ್ಲಿ ಹಳೆಯ ಬಗೆಯ ಜಾಹೀರಾತಿಗೆ ಜಾಗವಿರಲಿಲ್ಲ. ಕೀಲರ್ ಸುಮ್ಮನಿರದೆ ಇಲ್ಲದ ಬಿಸ್ಕತ್ತಿಗೆ, ಕೆಚಪ್ ತಯಾರಕರ ಕಾಲ್ಪನಿಕ ಮಂಡಳಿಗೆ ಜಾಹೀರಾತು ಬರೆದರು. ಅಲ್ಲಿನ ಸದ್ದಿನ ಮನುಷ್ಯ ಟಾಮ್ ಕೀತ್ 2011ರಲ್ಲಿ ತೀರಿಕೊಳ್ಳುವವರೆಗೂ ಸಭಿಕರ ಕಣ್ಣೆದುರೇ ಕೆಲಸ ಮಾಡಿದರು: ಬೂಟು ಜೊತೆ, ಚಿಪ್ಪುಗಳು, ಅದು ಸಾಲದೆ ಬಂದರೆ ಸ್ವಂತ ಬಾಯಿ. ಕೀಲರ್ ಸ್ಕ್ರಿಪ್ಟಿನಲ್ಲಿ ಬೇಕೆಂದೇ ಅಸಾಧ್ಯವಾದ ಸದ್ದುಗಳನ್ನು ಸಾಲಾಗಿ ಬರೆದಿಡುವರು, ಕೀತ್ ಬೆವರು ಒರೆಸಿಕೊಳ್ಳದೆ ಎಲ್ಲವನ್ನೂ ಹೊರಡಿಸುವರು, ಸಭೆ ಚಪ್ಪಾಳೆ ತಟ್ಟುವುದು. ಹಳೆಯ ಸ್ಟುಡಿಯೊದಲ್ಲಿ ಅಡಗಿ ಕೂತಿದ್ದ ಕೆಲಸಗಾರ ಹೀಗೆ ವೇದಿಕೆಯ ಮಧ್ಯಕ್ಕೆ ಬಂದ. ಕೀಲರ್ 2016ರಲ್ಲಿ ಕಾರ್ಯಕ್ರಮ ಬಿಟ್ಟರು. ಮರುವರ್ಷ ಅನುಚಿತ ವರ್ತನೆಯ ಆರೋಪದ ಮೇಲೆ ಮಿನೆಸೋಟ ಪಬ್ಲಿಕ್ ರೇಡಿಯೊ ಅವರೊಂದಿಗಿನ ನಂಟು ಕಡಿದುಕೊಂಡಿತು. ಗೈ ನುವಾರ್‌ನನ್ನು ಈಗ ಕೇಳುವಾಗ ಅದೂ ಜೊತೆಗೆ ಬರುತ್ತದೆ. ನನ್ನನ್ನು ಕೇಳಿದರೆ, ಆ ಕಂತುಗಳಲ್ಲಿ ಕೊಂಚ ಸುಸ್ತೂ ಇದೆ. ಹಳತೆಲ್ಲ ಚೆಂದ ಎಂಬ ಹಂಬಲ ಹೆಚ್ಚಾದ ಕಡೆ ನಗು ತೆಳ್ಳಗಾಗುತ್ತದೆ.

ಬಾಲಂಗೋಚಿಯ ಸರದಿ

ಮತ್ತೆ ಲಾರ್ಗೊ ವೇದಿಕೆಗೆ ಬರೋಣ. ಅಲ್ಲಿನ ಮುಖ್ಯ ಆಕರ್ಷಣೆ ‘ಸ್ಪಾರ್ಕ್ಸ್ ನೆವಾಡಾ, ಮಾರ್ಷಲ್ ಆನ್ ಮಾರ್ಸ್’. ಲೋನ್ ರೇಂಜರ್‌ನನ್ನು ಎತ್ತಿ ಮಂಗಳ ಗ್ರಹಕ್ಕೆ ಹಾಕಿದ್ದಾರೆ; ಕೆಂಪು ಮರಳು, ರೊಬೊಟ್ ಡಕಾಯಿತರು, ಎಲ್ಲ ಸರಿಹೊಂದುತ್ತದೆ. ಸ್ಪಾರ್ಕ್ಸ್ ಆಗಿ ಮಾರ್ಕ್ ಇವಾನ್ ಜ್ಯಾಕ್ಸನ್. ಅವನ ಸಂಗಾತಿ ಕ್ರೋಚ್ ಎಂಬ ಮಂಗಳವಾಸಿ, ಮಾರ್ಕ್ ಗಾಗ್ಲಿಯಾರ್ಡಿ ದನಿಯಲ್ಲಿ.

ಈ ಕ್ರೋಚ್ ಯಾರೆಂದು ಅರಿಯಬೇಕಾದರೆ ಟಾಂಟೊ ನೆನಪಿರಬೇಕು. ಲೋನ್ ರೇಂಜರ್‌ನ ಜೊತೆಗಾರ ಟಾಂಟೊ ಮೂಲನಿವಾಸಿ. ರೇಡಿಯೊದಲ್ಲಿ ಆ ಪಾತ್ರ ಮಾಡಿದವರು ಜಾನ್ ಟಾಡ್ ಎಂಬ ಬಿಳಿಯ ನಟ. ಟಾಂಟೊಗೆ ಕೊಟ್ಟದ್ದು ವ್ಯಾಕರಣವಿಲ್ಲದ ಮುರುಕು ಇಂಗ್ಲಿಷ್ ಮತ್ತು ಕೊನೆಯಿಲ್ಲದ ನಿಷ್ಠೆ. ಗ್ರೀನ್ ಹಾರ್ನೆಟ್‌ನ ಕೇಟೊ ಕೂಡ ಅಷ್ಟೇ: ಕಾರು ಓಡಿಸುವವನು, ಬಟ್ಟೆ ಜೋಡಿಸಿಡುವವನು, ಏಟು ತಿನ್ನುವವನು. ಆತ ಮೊದಲು ಜಪಾನಿಯಾಗಿದ್ದ, ಆಮೇಲೆ ಫಿಲಿಪಿನೋ ಆದ. ನಾಯಕನಿಗೂ ಕೇಳುಗರಿಗೂ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ‘ದಿ ಶ್ಯಾಡೊ’ದ ಮಾರ್ಗೊ ಲೇನ್‌ಗೆ ಗುಟ್ಟೆಲ್ಲ ಗೊತ್ತು, ಆದರೂ ಪದೇ ಪದೇ ಖಳರ ಕೈಗೆ ಸಿಕ್ಕಿ ಕಿರುಚುವುದು ಅವಳ ಪಾಲಿನ ಕೆಲಸ.

ಕ್ರೋಚ್‌ನ ಇಂಗ್ಲಿಷ್ ಸ್ಪಾರ್ಕ್ಸ್‌ನದಕ್ಕಿಂತ ಶುದ್ಧ. ಬಹುಶಃ ಅತಿ ಶುದ್ಧ, ಕೋರ್ಟಿನ ಆದೇಶದಂತೆ. ಸ್ಪಾರ್ಕ್ಸ್ ತನ್ನ ಜೀವ ಉಳಿಸಿದನಾದ್ದರಿಂದ ಆ ಋಣ ತೀರಿಸಬೇಕೆಂದು ಅವನ ಕುಲದ ಕಟ್ಟಳೆ. ಜೊತೆಗಿರುವುದು ಪ್ರೀತಿಯಿಂದಲ್ಲ, ಲೆಕ್ಕ ಚುಕ್ತಾ ಮಾಡಲು. ಒಂದು ಋಣ ತೀರುವಷ್ಟರಲ್ಲಿ ಇನ್ನೊಂದು ಏಳುತ್ತದೆ, ಪ್ರತಿ ಕಂತಿನಲ್ಲೂ ಇಬ್ಬರ ನಡುವೆ ಲೇವಾದೇವಿಯ ಚರ್ಚೆ. ಮಾರ್ಷಲ್ ಪಿಸ್ತೂಲು ಎತ್ತಿ ವೀರಾವೇಶದ ಮಾತಾಡುತ್ತಿದ್ದರೆ, ಪಕ್ಕದಲ್ಲಿ ಕ್ರೋಚ್ ತಣ್ಣಗೆ ಅದರಲ್ಲಿನ ತಪ್ಪು ತೋರಿಸುತ್ತಿರುತ್ತಾನೆ. ಟಾಂಟೊಗೆ ಇಪ್ಪತ್ತೊಂದು ವರ್ಷ ಸಿಗದ ಮಾತನ್ನೆಲ್ಲ ಕ್ರೋಚ್ ಆಡುತ್ತಾನೆ. ಹಾಸ್ಯ ಸ್ಪಾರ್ಕ್ಸ್‌ನ ಮೇಲೆಯೇ, ಕ್ರೋಚ್‌ನ ಮೇಲಲ್ಲ.

ಟೊರೊಂಟೊದಲ್ಲಿ ಗ್ರೆಗ್ ಟೇಲರ್ ಇನ್ನೊಂದು ದಾರಿ ಹಿಡಿದರು. ಅವರ ಡಿಕೋಡರ್ ರಿಂಗ್ ಥಿಯೇಟರ್ 2005ರಿಂದ ಪ್ರಸಾರ ಮಾಡಿದ ‘ರೆಡ್ ಪಾಂಡಾ ಅಡ್ವೆಂಚರ್ಸ್’ನಲ್ಲಿ 1930ರ ದಶಕದ ಟೊರೊಂಟೊ ನಗರವನ್ನು ಮುಖವಾಡದ ಸಿರಿವಂತನೊಬ್ಬ ಕಾಯುತ್ತಾನೆ. ಅವನ ಕಾರು ಓಡಿಸುವವಳು ಕಿಟ್ ಬಾಕ್ಸ್‌ಟರ್. ರಾತ್ರಿಯಾದರೆ ಅವಳೇ ‘ಫ್ಲೈಯಿಂಗ್ ಸ್ಕ್ವಿರಲ್’, ಹಾರುವ ಅಳಿಲು. ಕೇಟೊನ ಚಾಲಕ ಸೀಟು, ಮಾರ್ಗೊ ಲೇನಳ ಜಾಗ, ಎರಡನ್ನೂ ಒಬ್ಬಳಿಗೇ ಕೊಟ್ಟು, ಗುದ್ದುವ ಕೆಲಸ ಮತ್ತು ಒಳ್ಳೊಳ್ಳೆ ಮಾತುಗಳೆರಡನ್ನೂ ಅವಳ ಪಾಲಿಗೆ ಹಾಕಿದ್ದಾರೆ. ರೆಡ್ ಪಾಂಡಾನಾಗಿ ಟೇಲರ್, ಕಿಟ್ ಆಗಿ ಕ್ಲಾರಿಸಾ ಡೆರ್ ನೆಡರ್‌ಲ್ಯಾಂಡೆನ್ ಟೇಲರ್. ಇಲ್ಲಿ ಅಣಕ ತೀರ ತೆಳು, ಕೆಲವು ಕಂತುಗಳಲ್ಲಿ ಇಲ್ಲವೇ ಇಲ್ಲ. ಚೇಷ್ಟೆ ಮಾಡಲು ಹೊರಟವರು ಕಥೆಯಲ್ಲಿ ಮುಳುಗಿ ನಿಜವಾದ ಸಾಹಸ ಧಾರಾವಾಹಿಯನ್ನೇ ಬರೆದುಬಿಟ್ಟಿದ್ದಾರೆ.

ಹೀಗಾಗುವುದು ಸಹಜವೂ ಹೌದು. ಆ ಯಂತ್ರ ಅಷ್ಟು ಚೆನ್ನಾಗಿತ್ತು. ಉದ್ಘೋಷಕನ ಏರುದನಿ, ಹೆಜ್ಜೆಸದ್ದು, ಕತ್ತಲಲ್ಲಿ ಒಂದು ಕಿರುಚಾಟ, ಮುಂದಿನ ವಾರ ಕೇಳಿ. ಸಿನಿಮಾ, ಕಾರ್ಟೂನು, ಕಾಮಿಕ್ಸ್ ಎಲ್ಲವೂ ಈ ಸರಕನ್ನು ಅಲ್ಲಿಂದಲೇ ಹೊತ್ತು ತಂದವು. ಲೋನ್ ರೇಂಜರ್ ಕೇಳದವನಿಗೂ ಲೋನ್ ರೇಂಜರ್ ಗೊತ್ತಿರುವುದು ಹೀಗೆ. ಲಾರ್ಗೊದಲ್ಲಿ ಕೂತ ಇಪ್ಪತ್ತೈದರ ಯುವಕ ನಗುತ್ತಿದ್ದುದು ತಾನು ಕೇಳಿದ ರೇಡಿಯೊಗಲ್ಲ, ಆ ರೇಡಿಯೊದಿಂದ ಕದ್ದು ತಂದಿದ್ದರ ಮೇಲೆ ಬೆಳೆದ ಸಾವಿರ ಚಿತ್ರಗಳಿಗೆ. ಡಿಕೋಡರ್ ರಿಂಗ್ ಎಂಬ ಹೆಸರನ್ನೇ ನೋಡಿ. ಗುಪ್ತಲಿಪಿ ಬಿಡಿಸುವ ಉಂಗುರ ಎಂದು ಎಲ್ಲರಿಗೂ ನೆನಪು. ಆ್ಯನಿ, ಕ್ಯಾಪ್ಟನ್ ಮಿಡ್‌ನೈಟ್ ಕಾರ್ಯಕ್ರಮಗಳು ಹಂಚಿದ್ದು ಉಂಗುರವನ್ನಲ್ಲ, ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆಯನ್ನು.

ಜಾಹೀರಾತಿನ ಕಥೆಯೊಂದು ಬಾಕಿ ಇದೆ. ಥ್ರಿಲ್ಲಿಂಗ್ ಅಡ್ವೆಂಚರ್ ಅವರ್‌ಗೆ ಇಬ್ಬರು ಸುಳ್ಳು ಪ್ರಾಯೋಜಕರಿದ್ದರು: ವರ್ಕ್‌ಜ್ಯೂಸ್ ಕಾಫಿ ಮತ್ತು ಪೇಟ್ರಿಯಟ್ ಬ್ರ್ಯಾಂಡ್ ಸಿಗರೇಟು. ನಟರು ಕಥೆಯ ನಡುವೆ ಉಬ್ಬುದನಿಯಲ್ಲಿ ಅವುಗಳ ಗುಣಗಾನ ಮಾಡುವರು, ನಾಯಕನೇ ಸಾಮಾನು ಮಾರುತ್ತಿದ್ದ ಕಾಲವನ್ನು ನೆನೆದು ಜನ ನಗುವರು. ಅಷ್ಟರಲ್ಲಿ ಪಾಡ್‌ಕಾಸ್ಟ್ ಲೋಕ ಬೆಳೆಯಿತು. ಹಾಸಿಗೆ ಕಂಪನಿ, ವೆಬ್‌ಸೈಟ್ ಕಟ್ಟಿಕೊಡುವ ಕಂಪನಿ ಬಂದವು, ನಿರೂಪಕರೇ ಸ್ವಂತ ದನಿಯಲ್ಲಿ, ತಾವೂ ಅದರ ಮೇಲೇ ಮಲಗುವುದೆಂದು ಆಣೆ ಮಾಡುತ್ತ ಅವನ್ನು ಮಾರತೊಡಗಿದರು. 1933ರ ಗೋಧಿ ತಿಂಡಿಯ ಪದ್ಧತಿ ಒಂದು ಕೂದಲೂ ಕೊಂಕದೆ ವಾಪಸು ಬಂದಿದೆ. ಇದನ್ನು ಅಣಕ ಮಾಡುವವರು ಇನ್ನೂ ಸರಿಯಾಗಿ ಹುಟ್ಟಿಲ್ಲ.

ಇವನ್ನೆಲ್ಲ ಹುಡುಕಿ ಕೇಳಹೊರಟವರಿಗೆ ಒಂದು ಮಾತು. ಮೂಲ ಧಾರಾವಾಹಿಗಳ ಸಾವಿರಾರು ಕಂತುಗಳು ಅಂದಿನ ಧ್ವನಿಮುದ್ರಣ ತಟ್ಟೆಗಳಿಂದ, ಸಂಗ್ರಾಹಕರ ಟೇಪುಗಳಿಂದ ಹೊರಬಂದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಸ್ಪಾರ್ಕ್ಸ್ ನೆವಾಡಾದಿಂದ ಶುರು ಮಾಡಿ, ಅದಕ್ಕೆ ಯಾವ ಪೂರ್ವಸಿದ್ಧತೆಯೂ ಬೇಡ. ಮಧ್ಯೆ ಒಂದು ಲೋನ್ ರೇಂಜರ್ ಹಾಕಿಕೊಳ್ಳಿ, ಕಿವಿಯನ್ನು ಕುದುರೆಯ ಮೇಲಿಡಿ. ನಿಕ್ ಡೇಂಜರ್‌ಗೆ ಹೆಡ್‌ಫೋನ್ ಬೇಕೇ ಬೇಕು. ಬಾಬ್ ಮತ್ತು ರೇ ಕೇಳುವ ಮುಂಚೆ ಒಂದೇ ಒಂದು ಮಿಸ್ಟರ್ ಕೀನ್ ಕೇಳಿರಬೇಕು. ಕೀನ್‌ನ ಎರಡನೆಯ ಕಂತಿಗೆ ಮಾತ್ರ ಹೋಗಬೇಡಿ, ಅಷ್ಟರಲ್ಲಿ ಯಾರು ಯಾರನ್ನು ಅಣಕಿಸುತ್ತಿದ್ದಾರೆ ಎಂಬುದು ಗೊತ್ತಾಗುವುದು ನಿಂತುಹೋಗಿರುತ್ತದೆ.